ಸಾಸಿವೆ ಸಿಡಿಯಬೇಕು, ಅನ್ನ ಸೀಯಬಾರದು

“ಎರಡೂವರೆ ನಿಮಿಷ ಸಾರ್, ಅಷ್ಟೇ,” ಅನ್ನುತ್ತಾನೆ ಅಂಗಡಿಯ ಹುಡುಗ. ಗಾಜಿನ ಕಪಾಟಿನ ಮೇಲೆ ಕಿರಿದಾದ, ಉದ್ದನೆಯ ಪಾತ್ರೆಯೊಂದು ಬುಸುಗುಡುತ್ತಿದೆ. ಅದರ ತಳಕ್ಕೆ ನಿರಿಗೆ ಹಿಡಿದು ಅಂಟಿಸಿದ ಲೋಹದ ಪಟ್ಟಿ, ಪಟ್ಟಿಯಡಿ ಬರ್ನರ್, ಬರ್ನರಿನಡಿ ಅಂಗೈಯಗಲದ ಗ್ಯಾಸ್ ಡಬ್ಬಿ. ಅರ್ಧ ಲೀಟರ್ ನೀರು ಆಗಲೇ ಕೊತಕೊತ ಕುದಿಯುತ್ತಿದೆ. ಭಾವನ ಕಣ್ಣರಳಿದೆ, ಕೈ ಜೇಬಿನ ಹತ್ತಿರ ಹೋಗಿದೆ. ಅಕ್ಕ ಮಾತ್ರ ಮುಂದೆ ಬಂದು ಪಾತ್ರೆಯೊಳಗೆ ಇಣುಕುತ್ತಾಳೆ.

“ಇದ್ರಲ್ಲಿ ಒಗ್ಗರಣೆ ಹಾಕ್ಬಹುದಾ?”

ಹುಡುಗ ತಡವರಿಸುತ್ತಾನೆ. “ಇದು ನೀರು ಕುದಿಸೋಕೆ ಮೇಡಂ. ನೂಡಲ್ಸ್ ಮಾಡ್ಬಹುದು.”

ಅಕ್ಕ ಮತ್ತೇನೂ ಕೇಳುವುದಿಲ್ಲ. ಅವಳ ಪಾಲಿಗೆ ವ್ಯಾಪಾರ ಮುಗಿಯಿತು. ನೀವು ಪಕ್ಕದಲ್ಲಿ ನಿಂತು ಪಾತ್ರೆಯ ತಳ ನೋಡುತ್ತೀರಿ. ನಾಲ್ಕು ಬೆರಳಿಗಿಂತ ಸ್ವಲ್ಪ ಹೆಚ್ಚು ಅಗಲ, ಗೇಣುದ್ದ ಆಳ. ಇದರೊಳಗೆ ಸೌಟು ತಿರುಗುವುದಿಲ್ಲ, ಈರುಳ್ಳಿ ಬಾಡುವುದಿಲ್ಲ. ಈ ಒಲೆ ಹುಟ್ಟಿದ ಸೀಮೆಯಲ್ಲಿ ಬಯಲಿನ ರಾತ್ರಿಯೂಟ ಅಂದರೆ ಒಣಗಿಸಿದ ಊಟದ ಪೊಟ್ಟಣಕ್ಕೆ ಬಿಸಿನೀರು ಸುರಿದು, ಬಾಯಿ ಮಡಚಿ, ಹತ್ತು ನಿಮಿಷ ಕಾಯುವುದು. ಬೆನ್ನ ಮೇಲೆ ಮನೆ ಹೊತ್ತು ದಿನಗಟ್ಟಲೆ ನಡೆಯುವವರಿಗೆ ಅದೇ ಸರಿ. ಪೊಟ್ಟಣದ ಊಟ ನಮಗೂ ಹೊಸದಲ್ಲ: 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಬೇಯಿಸಿದ ಅಡುಗೆಯನ್ನು ಪದರಪದರದ ಪೊಟ್ಟಣದಲ್ಲಿ ಮುಚ್ಚಿ, ಒತ್ತಡದ ಬಿಸಿಯಲ್ಲಿ ಕ್ರಿಮಿ ಸಾಯಿಸಿ, ತಿಂಗಳುಗಟ್ಟಲೆ ಕೆಡದಂತೆ ಇಡುವ ವಿದ್ಯೆಯನ್ನು ಸೈನಿಕರಿಗಾಗಿ ಬೆಳೆಸಿತು. ಇವತ್ತು ಕಿರಾಣಿ ಅಂಗಡಿಯಲ್ಲಿ ನೇತಾಡುವ ಬಿಸಿಬೇಳೆಬಾತ್ ಪೊಟ್ಟಣದ ಹಿಂದೆ ಇರುವುದೂ ಅದೇ ಬಗೆಯ ವಿದ್ಯೆ. ಎರಡು ಪೊಟ್ಟಣ ಆಪತ್ತಿಗೆ ಇರಲಿ ಎಂದು ಅಕ್ಕನೇ ಒಪ್ಪುತ್ತಾಳೆ. ಆದರೆ ಕೊಪ್ಪದ ಹತ್ತಿರದ ತೋಟವೊಂದರಲ್ಲಿ ಟೆಂಟ್ ಹಾಕಿ, ಆರು ಜನ ಕೂತು ಉಣ್ಣುವ ಊಟ ಪೊಟ್ಟಣದ್ದಲ್ಲ ಎನ್ನುವುದು ಅವಳ ತೀರ್ಮಾನ. ಏನು ಉಣ್ಣುತ್ತೇವೆ ಅಂತ ಮೊದಲು ಗೊತ್ತಾಗಲಿ, ಒಲೆ ಆಮೇಲೆ ತಾನೇ ಗೊತ್ತಾಗುತ್ತದೆ. ಅನ್ನ, ಸಾರು, ಹಪ್ಪಳ. ಬೆಳಿಗ್ಗೆ ಉಪ್ಪಿಟ್ಟು, ಕಾಫಿ.

ಭಾವ ಸೋಲೊಪ್ಪುವುದಿಲ್ಲ. ಟೈಟಾನಿಯಂ ಪಾತ್ರೆಯೊಂದನ್ನು ಎತ್ತಿ ನಿಮ್ಮ ಕೈಗಿಡುತ್ತಾರೆ. ಹಿಡಿದದ್ದೇ ಗೊತ್ತಾಗದಷ್ಟು ಹಗುರ. ಬೆಲೆ ಮಾತ್ರ ಹಗುರವಿಲ್ಲ. ಇನ್ನೊಂದು ತೊಂದರೆಯೂ ಇದೆ: ಅಲ್ಯುಮಿನಿಯಂ ಬಿಸಿಯನ್ನು ಹರಡುವ ವೇಗದಲ್ಲಿ ಟೈಟಾನಿಯಮ್ಮಿನದು ಸುಮಾರು ಹತ್ತರಲ್ಲೊಂದು ಪಾಲು. ಉರಿ ತಾಗಿದ ಜಾಗ ಕೆಂಡವಾಗುತ್ತದೆ, ಎರಡು ಬೆರಳಾಚೆ ತಣ್ಣಗೇ ಇರುತ್ತದೆ. ನೀರಾದರೆ ತಾನೇ ಓಡಾಡಿ ಬಿಸಿ ಹಂಚಿಕೊಳ್ಳುತ್ತದೆ. ರವೆ ಓಡಾಡುವುದಿಲ್ಲ, ನಿಂತಲ್ಲೇ ಸೀಯುತ್ತದೆ. ಸ್ಟೀಲಿನ ಕತೆಯೂ ಇದಕ್ಕಿಂತ ಬೇರೆಯಲ್ಲ. ಒಳ್ಳೆಯ ಸ್ಟೀಲ್ ಪಾತ್ರೆಗಳ ತಳಕ್ಕೆ ತಾಮ್ರವನ್ನೋ ಅಲ್ಯುಮಿನಿಯಮ್ಮನ್ನೋ ಹಚ್ಚುವುದು ಅದಕ್ಕೇ.

ಹಾಗಾಗಿ ಮರುದಿನ ನೀವು ಚಿಕ್ಕಪೇಟೆಯ ಪಾತ್ರೆ ಅಂಗಡಿಯಲ್ಲಿದ್ದೀರಿ. ಇಲ್ಲಿ ಪೆಟ್ಟಿಗೆಯಿಲ್ಲ, ಹೊಳೆಯುವ ಚೀಟಿಯಿಲ್ಲ. ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವುದು, ತಕ್ಕಡಿಗೆ ಹಾಕುವುದು, ತೂಕಕ್ಕೆ ದುಡ್ಡು ಕೊಡುವುದು. ಅಕ್ಕ ಒಂದೊಂದನ್ನೇ ಎತ್ತಿ ಇನ್ನೊಂದರೊಳಗೆ ಕೂರಿಸಿ ನೋಡುತ್ತಾಳೆ. ಅನ್ನಕ್ಕೆ ದಪ್ಪ ತಳದ ಅಲ್ಯುಮಿನಿಯಂ ದಬರಿ. ಅದರ ಹೊಟ್ಟೆಯೊಳಗೆ ಮನೆಯ ಎರಡು ಲೀಟರಿನ ಸ್ಟೀಲ್ ಕುಕ್ಕರ್ ಕೂರಬೇಕು, ಹಿಡಿಯ ಸಮೇತ ಆಗದಿದ್ದರೂ ತಳದ ಮಟ್ಟಿಗಾದರೂ. ಉಪ್ಪಿಟ್ಟಿಗೆ ಹಿಂಡಾಲಿಯಂ ಬಾಣಲೆ, ದುಂಡು ತಳದ್ದಲ್ಲ, ಚಪ್ಪಟೆ ತಳದ್ದು. ದುಂಡು ತಳ ಮನೆಯ ಒಲೆಯ ಮೇಲೆ ಚಂದ, ಗದ್ದೆಯ ಮಣ್ಣಿನ ಮೇಲೆ ಓಲಾಡುವ ಒಲೆಯಲ್ಲಿ ಅದನ್ನು ನಂಬುವಂತಿಲ್ಲ. ಉದ್ದ ಹಿಡಿ ಯಾವುದಕ್ಕೂ ಬೇಡ, ಕತ್ತಲಲ್ಲಿ ಓಡಾಡುವ ಮಕ್ಕಳ ಸೊಂಟಕ್ಕೆ ತಗಲುವ ಎತ್ತರ ಅದು. ಒಂದು ಗಟ್ಟಿ ಇಕ್ಕಳ ಎಲ್ಲ ಹಿಡಿಗಳ ಕೆಲಸ ಮಾಡುತ್ತದೆ. ಮುಚ್ಚಳ ಕೊಳ್ಳುವುದಿಲ್ಲ. ಊಟದ ತಟ್ಟೆಯೇ ಮುಚ್ಚಳ. “ಸಾರು ಮಾತ್ರ ಅಲ್ಯುಮಿನಿಯಮ್ಮಿನಲ್ಲಿ ಬೇಡ,” ಅನ್ನುತ್ತಾಳೆ ಅಕ್ಕ. ಹುಣಸೆಹಣ್ಣು ಬರಿಯ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ಸಾರಿನ ರುಚಿಯೂ ಕೆಡುತ್ತದೆ. ಕುಕ್ಕರಿನಲ್ಲಿ ಬೇಳೆ ಬೇಯಿಸಿ, ಅಲ್ಲೇ ಸಾರು. ಒಂದು ಪಾತ್ರೆ ಉಳಿಯಿತು.

ಹೊರಡುವ ಹಿಂದಿನ ರಾತ್ರಿ ಹಾಲಿನ ನೆಲದ ತುಂಬ ಒಲೆಗಳು. ಭಾವ ಅಟ್ಟದಿಂದ ಅವರಪ್ಪನ ಹಿತ್ತಾಳೆಯ ಪಂಪ್ ಸ್ಟೋವ್ ಇಳಿಸಿದ್ದಾರೆ. ಹುಣಸೆಹಣ್ಣು ಹಾಕಿ ತಿಕ್ಕಿ, ಈಗ ಮುಖ ಕಾಣುವಷ್ಟು ಹೊಳಪು. ಇದರ ಮೂಲಪುರುಷ ಸ್ವೀಡನ್ನಿನ ಪ್ರೈಮಸ್ ಒಲೆ, ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಮಾಡಿದ್ದು. ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ, ಹಿಲರಿ ಮತ್ತು ತೇನ್‌ಸಿಂಗ್ 1953ರಲ್ಲಿ ಎವರೆಸ್ಟಿಗೆ ಒಯ್ದದ್ದು ಆ ಜಾತಿಯ ಒಲೆಯನ್ನೇ. ಎಂಥ ಚಳಿಗೂ ಅದು ಜಗ್ಗುವುದಿಲ್ಲ, ಏಕೆಂದರೆ ಒತ್ತಡ ಕೊಡುವುದು ನಿಮ್ಮ ಕೈ. ಆದರೆ ಸೀಮೆಎಣ್ಣೆ ತರುವುದು ಎಲ್ಲಿಂದ? ಜೊತೆಗೆ ಅದನ್ನು ಕಾಯಿಸಿ, ಪಿನ್ನು ಹಾಕಿ, ಪಂಪು ಹೊಡೆಯುವ ಹೊತ್ತಿಗೆ ಮಕ್ಕಳು ಬಿಸ್ಕತ್ತು ತಿಂದು ಮಲಗಿರುತ್ತಾರೆ. ಅದರ ಪಕ್ಕದಲ್ಲಿ 5 ಕೆಜಿಯ ಪುಟ್ಟ ಸಿಲಿಂಡರ್, ತಲೆಯ ಮೇಲೇ ಬರ್ನರ್ ಕೂರುವಂಥದು. ಇಪ್ಪತ್ತು ಜನಕ್ಕೆ ಮೂರು ದಿನ ಅಡುಗೆಯಾಗಬೇಕಿದ್ದರೆ ಅದಕ್ಕೆ ಎದುರಿಲ್ಲ. ಆರು ಜನಕ್ಕೆ ಒಂದು ರಾತ್ರಿ, ಒಂದು ಬೆಳಿಗ್ಗೆಗೆ ಅಷ್ಟು ಕಬ್ಬಿಣ ಹೊರುವುದು ಯಾಕೆ? ಇನ್ನೊಂದು, ಬೆಂಕಿಪೊಟ್ಟಣದಷ್ಟು ಮಡಚುವ, ಗ್ಯಾಸ್ ಡಬ್ಬಿಯ ತಲೆಗೆ ತಿರುಪುವ ಬರ್ನರ್. ನೀವು ಅದರ ಮೂರು ಕಾಲುಗಳ ಮೇಲೆ ಅಕ್ಕನ ದಬರಿಯಿಟ್ಟು ನೀರು ತುಂಬಿಸುತ್ತೀರಿ. ಕೆಳಗೆ ಸಣ್ಣ ಡಬ್ಬಿ, ಮೇಲೆ ಮೂರು ಕೆಜಿ ಭಾರ. ಮಗು ಪಕ್ಕದಲ್ಲಿ ಒಮ್ಮೆ ನೆಗೆಯುತ್ತದೆ, ಇಡೀ ಗೋಪುರ ನಡುಗುತ್ತದೆ. ಬರ್ನರ್ ಮಡಚಿ ಒಳಗಿಡುತ್ತೀರಿ. ಒಬ್ಬರೇ ಬೆಟ್ಟ ಹತ್ತುವ ದಿನಕ್ಕೆ ಅದು ಬೇಕಾದೀತು.

ಉಳಿದದ್ದು ಕ್ಯಾಸೆಟ್ ಒಲೆ. ಚಪ್ಪಟೆ ಪೆಟ್ಟಿಗೆ, ನಡುವೆ ಬರ್ನರ್, ಪಕ್ಕದ ಗೂಡಿನಲ್ಲಿ ಮಲಗುವ 220 ಗ್ರಾಮಿನ ಬ್ಯೂಟೇನ್ ಡಬ್ಬಿ. ನೆಲಕ್ಕೆ ಹತ್ತಿರ, ಅಗಲ ಕಾಲು, ದಬರಿ ಅಲುಗುವುದಿಲ್ಲ. ನೀವು ಗುಬುಟು ತಿರುಗಿಸಿ ಉರಿ ಸಣ್ಣ ಮಾಡುತ್ತೀರಿ. ಇನ್ನೂ ಸಣ್ಣ. ನೀಲಿ ಮಣಿಗಳಂತೆ ಸುತ್ತಲೂ ನಿಂತ ಉರಿ ಆರುವುದಿಲ್ಲ. ಈಗ ಅಕ್ಕ ಬಗ್ಗಿ ನೋಡುತ್ತಾಳೆ. ಬಾಣಲೆ ಇಟ್ಟು, ಎಣ್ಣೆ ಬಿಟ್ಟು, ಸಾಸಿವೆ ಹಾಕುತ್ತಾಳೆ. ಸಿಡಿಯುತ್ತದೆ. ಉರಿ ಇಳಿಸಿ ಬೆಳ್ಳುಳ್ಳಿ ಹಾಕುತ್ತಾಳೆ. ನಿಧಾನ ಕೆಂಪಾಗುತ್ತದೆ, ಕಪ್ಪಾಗುವುದಿಲ್ಲ. “ಇದು,” ಅನ್ನುತ್ತಾಳೆ. ಅಲ್ಲಿಗೆ ಒಲೆಯ ಆಯ್ಕೆ ಮುಗಿಯಿತು.

ಡಬ್ಬಿ ಎಷ್ಟು ಬೇಕು? ಪೇಪರಿನ ಅಂಚಿನಲ್ಲಿ ನೀವು ಲೆಕ್ಕ ಹಾಕುತ್ತೀರಿ. ಗಾಳಿಯಿಲ್ಲದ ಕಡೆ, ಮುಚ್ಚಳ ಮುಚ್ಚಿ, ಒಂದು ಲೀಟರ್ ನೀರು ಕುದಿಸಲು ಸುಮಾರು 15 ಗ್ರಾಂ ಗ್ಯಾಸ್. ಪೂರ್ತಿ ಉರಿಯಲ್ಲಿ ಬಿಟ್ಟರೆ ಒಂದು ಡಬ್ಬಿ ಒಂದೂಕಾಲು ಗಂಟೆಯ ಆಸುಪಾಸು. ಅನ್ನ, ಬೇಳೆ, ಸಾರು, ಉಪ್ಪಿಟ್ಟು, ಎರಡು ಸಲ ಕಾಫಿ, ಪಾತ್ರೆ ತೊಳೆಯಲು ಬಿಸಿನೀರು: ಒಂದು ಡಬ್ಬಿ ಮುಗಿದು ಎರಡನೆಯದು ಶುರುವಾಗುತ್ತದೆ. ಗಾಳಿ ಇದ್ದರೆ ಈ ಲೆಕ್ಕ ಎರಡು ಪಟ್ಟು. ಮೂರು ಡಬ್ಬಿ ಇಡುತ್ತೀರಿ.

ಅಷ್ಟರಲ್ಲಿ ಭಾವನ ತಮ್ಮನ ಫೋನು. ಅವನು ಶಿವಮೊಗ್ಗದ ತನಕ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯುವವನು. “ನನ್ನ ಹತ್ರನೂ ಒಂದು ಗ್ಯಾಸ್ ಡಬ್ಬಿ ಇದೆ ಕಣಣ್ಣ, ಬ್ಯಾಗಲ್ಲಿ ಹಾಕ್ಕೊಂಡು ಬರ್ಲಾ?” ಭಾವನ ದನಿ ಏರುತ್ತದೆ. “ಹುಚ್ಚೇನೋ ನಿಂಗೆ? ಮದುರೆ ಮರ್ತೋಯ್ತಾ?” 2023ರ ಆಗಸ್ಟ್ 26ರ ನಸುಕು, ಮದುರೆ ನಿಲ್ದಾಣದಲ್ಲಿ ನಿಂತಿದ್ದ ಪ್ರವಾಸಿ ಬೋಗಿಗೆ ಬೆಂಕಿ. ಲಖನೌ ಕಡೆಯಿಂದ ತೀರ್ಥಯಾತ್ರೆಗೆ ಬಂದವರು ನಿಯಮ ಮೀರಿ ಒಳಗೆ ತಂದಿದ್ದ ಸಿಲಿಂಡರಿನಲ್ಲಿ ಚಹಾ ಮಾಡಲು ಹೋಗಿ ಒಂಬತ್ತು ಜನ ಹೋದರು. ಸಣ್ಣ ಡಬ್ಬಿಯಾದರೂ ರೈಲಿಗೆ ನಿಷಿದ್ಧ, ವಿಮಾನಕ್ಕೂ ನಿಷಿದ್ಧ. ತಮ್ಮ ಬಟ್ಟೆಚೀಲ, ಒಂದು ಸೇರು ಕಡಲೆಕಾಯಿ ತಂದರೆ ಸಾಕು ಎಂದು ತೀರ್ಮಾನವಾಗುತ್ತದೆ.

ಕೊಪ್ಪ ದಾಟಿ, ಡಾಂಬರು ಮುಗಿದು, ಕೆಂಪು ಧೂಳಿನ ದಾರಿಯಲ್ಲಿ ಕಾರು ಇಳಿಯುವಾಗ ಹೊತ್ತು ನಾಲ್ಕು ಮೀರಿದೆ. ಜನವರಿ. ಎರಡೂ ಕಡೆ ಕಾಫಿ ಗಿಡ, ನಡುವೆ ನೆಟ್ಟಗೆ ಸಿಲ್ವರ್ ಓಕ್, ಕೆಳಗೆ ಕೊಯ್ಲಾದ ಗದ್ದೆಯ ಬಯಲು. ಕೂಳೆ ಒಣಗಿ ಕಾಲಿಗೆ ಚುಚ್ಚುತ್ತದೆ. ಮೇಲಿನ ಅಂಗಳದಲ್ಲಿ ಅಡಿಕೆ ಬೇಯಿಸುತ್ತಿದ್ದಾರೆ. ದೊಡ್ಡ ಹಂಡೆಯಿಂದ ಏಳುವ ಹಬೆಯಲ್ಲಿ ಚೊಗರಿನ ಒಗರು ವಾಸನೆ ಬಯಲಿನ ತನಕ ಇಳಿದಿದೆ. ತೋಟದ ರೈಟರು ಟವಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬರುತ್ತಾರೆ. ನೀವು ಆಗಲೇ ಟೆಂಟಿನ ಚೀಲ ಬಿಚ್ಚಿದ್ದೀರಿ.

“ಒಲೆ ಎಲ್ಲಿ ಹೂಡ್ತೀರಿ ಅಂತ ಮೊದ್ಲು ನೋಡ್ಕಳಿ. ಟೆಂಟು ಆಮೇಲೆ ಹಾಕಿದ್ರಾಯ್ತು.”

ಅವರು ಒಣಹುಲ್ಲಿನ ಪುಡಿ ಹಿಡಿಯಷ್ಟು ಎತ್ತಿ ಗಾಳಿಗೆ ಬಿಡುತ್ತಾರೆ. ಅದು ಕಣಿವೆಯ ಕಡೆಯಿಂದ ಗುಡ್ಡದ ಕಡೆಗೆ ಹಾರುತ್ತದೆ. ನೀವು ಆ ಲೆಕ್ಕದಲ್ಲಿ ಬದುವಿನ ಈಚೆ ಜಾಗ ತೋರಿಸುತ್ತೀರಿ. ರೈಟರು ತಲೆಯಾಡಿಸುತ್ತಾರೆ. “ಈಗ ಹಂಗೆ ಬೀಸ್ತದೆ. ಹೊತ್ತು ಮುಳುಗ್ಲಿ, ತಿರುಗ್ತದೆ.” ಹಗಲೆಲ್ಲ ಬಿಸಿಲಿಗೆ ಕಾದ ಗುಡ್ಡದ ಮೈ ಗಾಳಿಯನ್ನು ಮೇಲಕ್ಕೆಳೆಯುತ್ತದೆ. ಸಂಜೆ ಆ ಮೈ ತಣಿಯುತ್ತಲೇ ತಂಪು ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಕಣಿವೆಗೆ ಬರುತ್ತದೆ. ಅಡುಗೆಯ ಹೊತ್ತಿನ ಗಾಳಿ ಇದೇ. ಕೊನೆಗೆ ಒಲೆಗೆ ಸಿಕ್ಕ ಜಾಗ ಗುಡ್ಡದ ಕಡೆಯ ಎತ್ತರದ ಬದುವಿನ ಬುಡ. ಬೆನ್ನಿಗೆ ಸೊಂಟದೆತ್ತರದ ಮಣ್ಣಿನ ಗೋಡೆ. ಅಲ್ಲಿನ ಕೂಳೆಯನ್ನು ರೈಟರು ಕತ್ತಿಯಿಂದ ಕೆತ್ತಿ ಬರಿ ಮಣ್ಣು ಮಾಡಿಕೊಡುತ್ತಾರೆ. ಟೆಂಟುಗಳು ಪಕ್ಕಕ್ಕೆ ಸರಿದು ಹದಿನೈದು ಹೆಜ್ಜೆ ದೂರ, ಒಲೆಯ ಬಿಸಿಗಾಳಿ ಅವುಗಳ ಮೇಲೆ ಹಾಯದ ಹಾಗೆ.

ಭಾವ ಕಾರಿನ ಡಿಕ್ಕಿಯಿಂದ ಇನ್ನೊಂದು ಪೆಟ್ಟಿಗೆ ತೆಗೆಯುತ್ತಾರೆ. ಅಕ್ಕನಿಗೆ ಹೇಳದೆ ಕೊಂಡದ್ದು. ತಗಡಿನ ಮಡಚುವ ಸೌದೆ ಒಲೆ. “ಪುಳ್ಳೆ ಹಾಕಿ ಉರಿಸಿದ್ರೆ ಗ್ಯಾಸೇ ಬೇಡ,” ಅನ್ನುತ್ತಾರೆ. ಮಾತು ಸುಳ್ಳಲ್ಲ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದೋ ಒಂದೂವರೆಯೋ ಪಾಲು ಮಾತ್ರ ಪಾತ್ರೆಗೆ ಹೋಗುತ್ತದೆ. ಗಾಳಿಯ ದಾರಿ ಹದವಾಗಿಟ್ಟ ಒಲೆ ಅದನ್ನು ಎಷ್ಟೋ ಹೆಚ್ಚಿಸಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರದವರು ಹಳ್ಳಿಗಳಿಗೆ ಕೊಟ್ಟ ಅಸ್ತ್ರ ಒಲೆಯ ಗುಟ್ಟೂ ಇದೇ, ಮೂರು ಪಾತ್ರೆಗೆ ಒಂದೇ ಉರಿ. ಅದನ್ನು ಡಿಕ್ಕಿಗೆ ಹಾಕಿಕೊಂಡು ಬರುವಂತಿಲ್ಲ, ಅಷ್ಟೇ. ಆದರೆ ಇವತ್ತಿನ ಅಡ್ಡಿ ಒಲೆಯದಲ್ಲ, ತಿಂಗಳಿನದು. ರೈಟರು ಗದ್ದೆಯಂಚಿನ ಹಾಡ್ಯದ ಕಡೆ ಕೈ ತೋರಿಸುತ್ತಾರೆ. ತರಗೆಲೆ ಮೊಣಕಾಲಿನ ತನಕ ಬಿದ್ದಿದೆ. “ಒಂದು ಕಿಡಿ ಸಾಕು.” 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ದಿನಗಟ್ಟಲೆ ಉರಿದು ಸಾವಿರಾರು ಎಕರೆ ಕರಿಯಾದದ್ದನ್ನು ಯಾರೂ ಇಲ್ಲಿ ನೆನಪಿಸಬೇಕಾಗಿಲ್ಲ. ಗುಬುಟು ತಿರುಗಿಸಿದರೆ ಆರುವ ಉರಿ ಈ ತಿಂಗಳ ಉರಿ. ಭಾವ ಪೆಟ್ಟಿಗೆಯನ್ನು ಮೌನವಾಗಿ ಡಿಕ್ಕಿಗೆ ವಾಪಸು ಸೇರಿಸುತ್ತಾರೆ. ಮಳೆ ನಿಂತ ಹೊಸದರಲ್ಲಿ, ನೆಲ ಇನ್ನೂ ಒದ್ದೆಯಿರುವಾಗ ಅದಕ್ಕೆ ಕಾಲ ಬರಲಿ.

ಹೊತ್ತು ಮುಳುಗುತ್ತದೆ. ಗಾಳಿ, ರೈಟರು ಹೇಳಿದಂತೆಯೇ, ಮೊದಲು ನಿಲ್ಲುತ್ತದೆ, ಆಮೇಲೆ ನಿಮ್ಮ ಕಿವಿಯ ಹಿಂದಿನಿಂದ ತಣ್ಣಗೆ ಬರತೊಡಗುತ್ತದೆ.

ನೀವು ಡಬ್ಬಿ ಕೈಗೆತ್ತಿಕೊಳ್ಳುತ್ತೀರಿ. ಅದರ ಕುತ್ತಿಗೆಯ ಬಳೆಯಲ್ಲಿ ಒಂದು ಕಚ್ಚು ಇದೆ. ಆ ಕಚ್ಚು ಮೇಲೆ ಬರುವಂತೆ ಗೂಡಿನಲ್ಲಿ ಮಲಗಿಸಬೇಕು. ಡಬ್ಬಿಯೊಳಗಿನ ಬಾಗಿದ ಕೊಳವೆಯ ತುದಿ ಆಗ ಮೇಲ್ಮುಖವಾಗಿ, ಬರಿಯ ಆವಿಯನ್ನು ಎಳೆಯುತ್ತದೆ. ತಿರುಗುಮುರುಗಾದರೆ ದ್ರವವೇ ಬರ್ನರಿಗೆ ನುಗ್ಗಿ ಉರಿ ಆಳೆತ್ತರ ಏಳುತ್ತದೆ. ಸನ್ನೆ ಒತ್ತುತ್ತೀರಿ, ಟಕ್. ಗುಬುಟು ತಿರುಗಿಸುತ್ತೀರಿ, ಚಟ್. ನೀಲಿ ಉರಿ. ಬದುವಿನ ಮರೆಯಲ್ಲೂ ಅದು ಒಂದು ಪಕ್ಕಕ್ಕೆ ವಾಲುತ್ತದೆ. ಭಾವನ ತಮ್ಮ ಅಲ್ಯುಮಿನಿಯಂ ಹಾಳೆ ತಂದು ಒಲೆಯ ಸುತ್ತ ಪೂರ್ತಿ ಬಳಸಲು ಹೊರಡುತ್ತಾನೆ. ನೀವು ಕೈ ಹಿಡಿಯುತ್ತೀರಿ. ಸುತ್ತ ಮುಚ್ಚಿದರೆ ಬಿಸಿ ಗ್ಯಾಸಿನ ಗೂಡಿಗೆ ತಿರುಗುತ್ತದೆ. ಡಬ್ಬಿ ಕಾದರೆ ಒಳಗಿನ ಒತ್ತಡ ಏರುತ್ತದೆ. ಒಳ್ಳೆಯ ಒಲೆಯಾದರೆ ಒತ್ತಡ ಮೀರಿದೊಡನೆ ಡಬ್ಬಿಯನ್ನು ಹೊರಕ್ಕೆ ತಳ್ಳಿ ತಾನೇ ಆರುತ್ತದೆ. ಆ ಏರ್ಪಾಟನ್ನು ಪರೀಕ್ಷೆ ಮಾಡಿ ನೋಡುವ ಅಗತ್ಯ ಯಾರಿಗೂ ಇಲ್ಲ. ಗೂಡಿನ ಮೇಲಕ್ಕೆ ಚಾಚುವಷ್ಟು ದೊಡ್ಡ ಕಾವಲಿಯನ್ನು ಅಕ್ಕ ಮನೆಯಲ್ಲೇ ಬಿಟ್ಟು ಬಂದದ್ದು ಇದೇ ಕಾರಣಕ್ಕೆ. ಹಾಳೆ ಗಾಳಿಯ ಕಡೆ ಮಾತ್ರ, ಅರ್ಧಚಂದ್ರವಾಗಿ ನಿಲ್ಲುತ್ತದೆ. ಉರಿ ನೆಟ್ಟಗಾಗುತ್ತದೆ.

ಒಂದೇ ಒಲೆ, ಆರು ಹೊಟ್ಟೆ. ಎರಡು ಬರ್ನರಿನದು ಬೇಕಿತ್ತು ಎಂದು ಭಾವ ಗೊಣಗುತ್ತಾರೆ. ಅಕ್ಕ ಉತ್ತರ ಕೊಡುವುದಿಲ್ಲ, ಕಂಬಳಿ ಕೇಳುತ್ತಾಳೆ.

ಮೂರು ಪಾವು ಸೋನಾ ಮಸೂರಿ ಅರ್ಧ ಗಂಟೆ ನೆಂದಿದೆ. ದಬರಿಯಲ್ಲಿ ನೀರು ಕುದಿಯುತ್ತದೆ, ಅಕ್ಕಿ ಬೀಳುತ್ತದೆ, ಮತ್ತೊಮ್ಮೆ ಕುದಿ ಬರುತ್ತದೆ. ಇಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಡುಗೆಗೆ ಗೊತ್ತಾಗುವಂಥ ವ್ಯತ್ಯಾಸವಲ್ಲ. ಹಿಮಾಲಯದ 4000 ಮೀಟರಿನಲ್ಲಾದರೆ 87ಕ್ಕೇ ಕುದಿ, ಬೇಳೆ ರಾತ್ರಿಯಿಡೀ ಕುದಿದರೂ ಕಲ್ಲು. ಅಲ್ಲಿ ಕುಕ್ಕರ್ ಹೊರುವುದು ಶೋಕಿಯಲ್ಲ. ಅಕ್ಕ ಉರಿ ಇಳಿಸುತ್ತಾಳೆ, ಆ ನೀಲಿ ಮಣಿಗಳ ತನಕ. ತಟ್ಟೆ ಮುಚ್ಚುತ್ತಾಳೆ. ನೀರು ಇಂಗುವ ಸದ್ದಿಗೆ ಕಿವಿಗೊಟ್ಟು ಕೂರುತ್ತಾಳೆ. ಇನ್ನೂ ಸ್ವಲ್ಪ ತೇವ ಇರುವಾಗಲೇ, ಅಕ್ಕಿಯ ನಡು ಕೊಂಚ ಗಟ್ಟಿ ಇರುವಾಗಲೇ, ಇಕ್ಕಳದಲ್ಲಿ ದಬರಿ ಎತ್ತಿ ದಿನಪತ್ರಿಕೆಯ ಮೇಲಿಟ್ಟು, ಪತ್ರಿಕೆಯಲ್ಲೇ ಸುತ್ತಿ, ಕಂಬಳಿಯಲ್ಲಿ ಹೊದಿಸಿ, ರಟ್ಟಿನ ಪೆಟ್ಟಿಗೆಯೊಳಗೆ ಇಳಿಸುತ್ತಾಳೆ. ಉಳಿದ ಬೇಯುವಿಕೆಯೆಲ್ಲ ಅಲ್ಲಿ, ಗ್ಯಾಸಿಲ್ಲದೆ. ಎರಡನೆಯ ಬರ್ನರ್ ಇದೇ. ಸಾರಾಗುವ ಹೊತ್ತಿಗೆ ಅನ್ನ ಅರಳಿ, ಕೈ ಸುಡುವ ಬಿಸಿಯಲ್ಲೇ ಇರುತ್ತದೆ. ತಣಿಯಲು ಬಿಟ್ಟು ಗಂಟೆಗಟ್ಟಲೆ ಮರೆಯಬಾರದು, ಉಗುರುಬೆಚ್ಚಗಿನ ಅನ್ನ ಬೇಗ ಹಳಸುತ್ತದೆ.

ಒಲೆ ಖಾಲಿಯಾಯಿತು. ಕುಕ್ಕರ್ ಏರುತ್ತದೆ. ಹೆಸರುಬೇಳೆಯಾದರೆ ಬರಿಯ ಪಾತ್ರೆಯಲ್ಲೇ ಬೆಂದೀತು, ಕುಕ್ಕರ್ ಬಿಟ್ಟು ಬರಬಹುದಿತ್ತು ಎಂದು ನೀವು ಮನೆಯಲ್ಲೇ ಹೇಳಿ ನೋಡಿದ್ದಿರಿ. “ಹೆಸರುಬೇಳೆ ಸಾರು ಜ್ವರ ಬಂದವ್ರಿಗೆ,” ಎಂದಿದ್ದಳು ಅಕ್ಕ. ತೊಗರಿಬೇಳೆಗೆ ಕುಕ್ಕರ್ ಬೇಕೇ ಬೇಕು. ಒಳಗಿನ ಒತ್ತಡದಲ್ಲಿ ನೀರು 120 ಡಿಗ್ರಿಯ ತನಕ ಏರುತ್ತದೆ, ಮುಕ್ಕಾಲು ಗಂಟೆಯ ಕೆಲಸ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ಸೀಟಿಗೆ ಅಂಗಳದ ನಾಯಿ ಬೊಗಳುತ್ತದೆ. ಎರಡನೆಯದಕ್ಕೆ ಬಯಲಾಚೆಯ ಇನ್ನೊಂದು ನಾಯಿ.

ಈಗ ಪೂರ್ತಿ ಕತ್ತಲು. ನಿಮ್ಮ ಹಣೆಯ ದೀಪದ ಬೆಳಕಿನಲ್ಲಿ ಹಬೆ ಬಿಳಿ ಗೋಡೆಯಾಗಿ ನಿಂತು ಪಾತ್ರೆಯ ಒಳಗು ಕಾಣಿಸುವುದಿಲ್ಲ. ದೀಪವನ್ನು ಹಣೆಯಿಂದ ತೆಗೆದು ಬದುವಿನ ಮೇಲೆ, ಪಕ್ಕದಿಂದ ಬೀಳುವಂತೆ ಇಡುತ್ತೀರಿ. ಒಲೆಯ ಸುತ್ತ ಹಗ್ಗವೊಂದನ್ನು ಹಾಸಿದೆ, ಮಕ್ಕಳು ಅದರಾಚೆ. ಮಡಚುವ ಮೇಜಿನ ಮೇಲೆ ಒಲೆಯಿಡೋಣ ಎಂದು ಭಾವ ಬೆಳಿಗ್ಗೆಯಿಂದ ಹೇಳುತ್ತಿದ್ದರು. ಅಕ್ಕ ಮಣೆ ಹಾಕಿಕೊಂಡು ನೆಲದಲ್ಲೇ ಕೂತಿದ್ದಾಳೆ. ಎಲ್ಲವೂ ಕೈಗೆಟಕುತ್ತದೆ, ಬಿದ್ದರೂ ಗೇಣುದ್ದ ಬೀಳುತ್ತದೆ. ಮೇಜು ಬಂದದ್ದು ವ್ಯರ್ಥವಾಗಲಿಲ್ಲ ಅನ್ನಿ. ಮಂಡಿನೋವಿನ ಭಾವ ನಿಂತುಕೊಂಡೇ ಅದರ ಮೇಲೆ ಟೊಮೆಟೊ ಹೆಚ್ಚುತ್ತಿದ್ದಾರೆ.

ಕುಕ್ಕರಿನ ಮುಚ್ಚಳ ತೆಗೆದು, ಬೇಳೆ ಮಸೆದು, ಹುಣಸೆರಸ, ಮನೆಯಿಂದ ತಂದ ಸಾರಿನ ಪುಡಿ, ಟೊಮೆಟೊ. ಕುದಿಯುವಾಗ ಆರು ಜನರೂ ತಿಳಿಯದೆಯೇ ಹಗ್ಗದ ಹತ್ತಿರ ಸರಿದಿದ್ದಾರೆ. ಕೊನೆಗೆ ಸಣ್ಣ ಒಗ್ಗರಣೆ ಸೌಟು. ಅದು ಒಲೆಯ ಕಾಲುಗಳ ನಡುವೆ ನಿಲ್ಲುವುದಿಲ್ಲ, ಅಕ್ಕ ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಆಡಿಸುತ್ತಾಳೆ. ತುಪ್ಪ ಕಾಯುತ್ತದೆ. ಸಾಸಿವೆ, ಒಂದು, ಎರಡು, ಆಮೇಲೆ ಒಟ್ಟಿಗೆ ಚಟಪಟ. ಇಂಗು, ಕರಿಬೇವು. ಸಾರಿನ ಮೇಲೆ ಸುರಿದಾಗಿನ ಚೊಂಯ್ ಸದ್ದಿಗೆ ಮೇಲಿನ ಅಂಗಳದಿಂದ ಯಾರೋ “ಊಟ ಆಯ್ತಾ?” ಎಂದು ಕೂಗಿ ಕೇಳುತ್ತಾರೆ.

ಹಪ್ಪಳ ಬಾಕಿ. ಎಣ್ಣೆಯ ಬಾಣಲೆಯನ್ನು ಕತ್ತಲಲ್ಲಿ ಇಡಲು ಅಕ್ಕನಿಗೆ ಇಷ್ಟವಿಲ್ಲ. ಭಾವನ ತಮ್ಮ ಮಕ್ಕಳನ್ನು ಕರೆದುಕೊಂಡು ಅಂಗಳಕ್ಕೆ ಹತ್ತುತ್ತಾನೆ. ಅಡಿಕೆ ಒಲೆಯಲ್ಲಿ ಕೆಂಡ ಬಿದ್ದಿದೆ. ರೈಟರು ಕೋಲಿನಿಂದ ಕೆಂಡ ಹರವಿಕೊಡುತ್ತಾರೆ. ಹಲಸಿನ ಹಪ್ಪಳ ಕ್ಷಣದಲ್ಲಿ ಮೈ ಮುರಿದು, ಅಂಚು ಕಪ್ಪಾಗಿ ಇಳಿಯುತ್ತದೆ. ರೈಟರು ಎರಡು ಮಿಡಿ ಉಪ್ಪಿನಕಾಯಿ ಎಲೆಯಲ್ಲಿ ಸುತ್ತಿ ಕಳಿಸುತ್ತಾರೆ. ಈ ಅಡುಗೆಮನೆಯ ಒಳ್ಳೆಯ ಭಾಗಕ್ಕೆ ನೀವು ಕಾಸು ಕೊಟ್ಟಿಲ್ಲ.

ಅಡಿಕೆ ಹಾಳೆಯ ತಟ್ಟೆಗಳಲ್ಲಿ ಊಟ. ಯಾರೂ ಮಾತಾಡುವುದಿಲ್ಲ.

ಪಾತ್ರೆ ತೊಳೆಯುವ ಕೆಲಸ ನಿಮ್ಮದು. ಹಳ್ಳ ಹತ್ತಿರವೇ ಹರಿಯುತ್ತಿದ್ದರೂ ಅದರಲ್ಲಿ ಬಾಣಲೆ ಅದ್ದುವುದಿಲ್ಲ, ಕೆಳಗಿನ ಮನೆಯವರು ಕುಡಿಯುವ ನೀರು ಅದು. ನಲ್ಲಿಯಿರುವ 20 ಲೀಟರಿನ ಕ್ಯಾನು ಬದುವಿನ ಮೇಲಿದೆ. ಮೊದಲು ಜಿಡ್ಡನ್ನು ಹಳೆಯ ಪತ್ರಿಕೆಯಲ್ಲಿ ಒರೆಸಿ, ಅಂಗಳದಿಂದ ತಂದ ಬೂದಿ, ತೆಂಗಿನ ನಾರು, ಒಂದು ಚೆಂಬು ಬಿಸಿನೀರು. ಬೂದಿಯ ಕ್ಷಾರ ಜಿಡ್ಡನ್ನೇ ಸೋಪು ಮಾಡುತ್ತದೆ. ಅಕ್ಕಿ, ಬೇಳೆ, ಉಳಿದ ಹಪ್ಪಳ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ, ಡಬ್ಬಿ ಕಾರಿನೊಳಗೆ. ಟೆಂಟಿನೊಳಗೆ ಒಂದು ಬಿಸ್ಕತ್ತೂ ಇಲ್ಲ. ಹಂದಿಗೆ, ಇಲಿಗೆ, ಇರುವೆಗೆ ಬಟ್ಟೆಯ ಗೋಡೆ ಗೋಡೆಯಲ್ಲ.

ಹತ್ತು ಗಂಟೆಯ ಹೊತ್ತಿಗೆ ಚಳಿ ಮೂಳೆ ಹಿಡಿಯುತ್ತದೆ. “ಒಲೆ ಟೆಂಟೊಳಗೆ ತಂದು ಒಂದು ಕಷಾಯ ಕಾಯಿಸಿದ್ರೆ ಬೆಚ್ಚಗೂ ಆಗುತ್ತೆ,” ಭಾವನ ತಮ್ಮನ ಸಲಹೆ. ಮುಚ್ಚಿದ ಜಾಗದಲ್ಲಿ ಉರಿಯುವ ಒಲೆ, ಗ್ಯಾಸಿನದಾಗಲಿ ಇದ್ದಿಲಿನದಾಗಲಿ, ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದ ಹಾಗೆ ಬರುತ್ತದೆ. ನೀವು ಅಷ್ಟನ್ನೆಲ್ಲ ಹೇಳುವ ಮೊದಲೇ ಅಕ್ಕ ಬದುವಿನ ಬುಡದಲ್ಲೇ ಕಷಾಯಕ್ಕೆ ನೀರಿಟ್ಟಾಗಿದೆ. ಎಲ್ಲರೂ ಅಲ್ಲಿಗೇ ಬರುತ್ತಾರೆ. ಮಲಗುವ ಮುನ್ನ ಅವಳ ಕೊನೆಯ ಕೆಲಸ, ಹಿತ್ತಾಳೆಯ ಫಿಲ್ಟರಿಗೆ ಪುಡಿ ಹಾಕಿ, ಅದುಮಿ, ಕುದಿನೀರು ಎರೆದು ಮುಚ್ಚಿಡುವುದು. ಕಾಫಿ ಮಾಡುವ ಬಗೆಬಗೆಯ ಸಲಕರಣೆಗಳನ್ನು ಅಂಗಡಿಯ ಹುಡುಗ ತೋರಿಸಿದ್ದ. ರಾತ್ರಿಯಿಡೀ ತಾನೇ ತೊಟ್ಟಿಕ್ಕುವ, ಕರೆಂಟೂ ಉರಿಯೂ ಕೇಳದ ಇದನ್ನು ಯಾವುದೂ ಮೀರಿಸಲಿಲ್ಲ.

ಬೆಳಿಗ್ಗೆ ಆರೂವರೆ. ಬಯಲಿನ ತುಂಬ ಮಂಜು, ಟೆಂಟಿನ ಮೇಲೆ ನೀರು. ನೀವು ಒಲೆ ಹಚ್ಚುತ್ತೀರಿ. ಉರಿ ಸೊರಗಿದೆ. ಡಬ್ಬಿ ಮುಟ್ಟಿದರೆ ಮಂಜುಗಡ್ಡೆ. ಬ್ಯೂಟೇನ್ ಆವಿಯಾಗಲು ತನ್ನ ಸುತ್ತಲಿನ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಉರಿದಷ್ಟೂ ಡಬ್ಬಿ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ಉರಿ ಬಡವಾಗುತ್ತದೆ. ಅದರ ಕುದಿಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಸ್ಪಿತಿಯ ಹಿಮದಲ್ಲಿ ಈ ಡಬ್ಬಿ ಮಾತೇ ಆಡುವುದಿಲ್ಲ. ಅಲ್ಲಿಗೆ ಪ್ರೊಪೇನ್ ಬೆರೆತದ್ದು ಬೇಕು, ಪ್ರೊಪೇನ್ ಸೊನ್ನೆಯ ಕೆಳಗೆ 42ರ ತನಕ ಆವಿಯಾಗುತ್ತದೆ. ಕೊಪ್ಪದ ಜನವರಿಗೆ ಅಷ್ಟೆಲ್ಲ ಬೇಡ. ರಾತ್ರಿ ಕಂಬಳಿಯೊಳಗೆ ಇಟ್ಟುಕೊಂಡಿದ್ದ ಇನ್ನೊಂದು ಡಬ್ಬಿಯನ್ನು ನೀವು ಹೊರಗೆ ತೆಗೆಯುತ್ತೀರಿ. ಕಚ್ಚು ಮೇಲೆ, ಸನ್ನೆ ಕೆಳಗೆ. ಉರಿ ನೆಟ್ಟಗೆ ಏಳುತ್ತದೆ. ಹಾಲು ಉಕ್ಕುತ್ತದೆ. ಮನೆಯಲ್ಲೇ ಹುರಿದು ತಂದ ರವೆ, ತುರಿದು ತಂದ ಕಾಯಿ. ಚಪ್ಪಟೆ ತಳದ ಬಾಣಲೆಯಲ್ಲಿ ಉಪ್ಪಿಟ್ಟು ಹೊರಳುತ್ತದೆ, ತಳ ಹಿಡಿಯುವುದಿಲ್ಲ.

ಎಂಟು ಗಂಟೆಗೆ ಎಲ್ಲವೂ ಮತ್ತೆ ಚಾಪೆಯ ಮೇಲೆ. ಅಕ್ಕ ಎರಡು ಗುಡ್ಡೆ ಮಾಡುತ್ತಿದ್ದಾಳೆ, ಬಳಸಿದ್ದು, ಬಳಸದ್ದು. ಎರಡನೆಯ ಗುಡ್ಡೆಯಲ್ಲಿ ಟೈಟಾನಿಯಂ ಲೋಟ (ಯಾವಾಗ ಕೊಂಡರೋ), ಮಡಚುವ ಚಮಚ-ಮುಳ್ಳುಚಮಚದ ಕಟ್ಟು, ಉಪ್ಪು-ಮೆಣಸಿನ ಅವಳಿ ಶೀಶೆ, ಬಿಸಿಬೇಳೆಬಾತಿನ ಎರಡು ಪೊಟ್ಟಣ. ಪೊಟ್ಟಣಗಳನ್ನು ಮಾತ್ರ ಎತ್ತಿ ಮೊದಲ ಗುಡ್ಡೆಗೆ ಹಾಕುತ್ತಾಳೆ.

ಭಾವ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ಡಬ್ಬಿಯ ಚೀಲ ನೇತುಹಾಕಿ, ನೆನ್ನೆ ಮಾರ್ಕರಿನಲ್ಲಿ ಡಬ್ಬಿಯ ಮೇಲೆ ಬರೆದಿದ್ದ ತೂಕದ ಜೊತೆ ಹೋಲಿಸುತ್ತಾರೆ. “ಇದ್ರಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಮೂರನೇದು ಮುಟ್ಟೇ ಇಲ್ಲ. ಮಧ್ಯಾಹ್ನಕ್ಕೂ ಇಲ್ಲೇ ಒಂದು ಚಿತ್ರಾನ್ನ ಮಾಡ್ಬಹುದಲ್ವಾ?”

“ಮಾಡ್ಬಹುದು,” ಅಕ್ಕ ಒಲೆಯ ಗೂಡು ಖಾಲಿ ಮಾಡಿ, ಬರ್ನರಿನ ತಟ್ಟೆಯನ್ನು ಮಗುಚಿ, ಪೆಟ್ಟಿಗೆ ಮುಚ್ಚುತ್ತಾಳೆ. “ಆದ್ರೆ ಶೃಂಗೇರಿ ಇಲ್ಲಿಂದ ಗಂಟೆ ದಾರಿನೂ ಇಲ್ಲ. ದೇವಸ್ಥಾನದಲ್ಲಿ ಊಟ ಇರುತ್ತೆ. ಮಾಡೋರು ಅವ್ರು, ಬಡಿಸೋರು ಅವ್ರು. ಹತ್ತಿ ಕಾರು.”